ಪದ ಪರಿಚಯ: ಫೀಲ್ಡ್ ಸೇಫ್ಟಿ ನೋಟಿಸ್

ಸಕ್ಕರೆ, ಬಿಪಿ, ಆಕ್ಸಿಜನ್, ಹೃದಯ ಬಡಿತ ನೋಡುವ ಉಪಕರಣ ಮಾರಾಟವಾದ ಮೇಲೆ ಅದರ ಒಂದು ಭಾಗದಲ್ಲಿ ದೋಷ ಇದೆ ಎಂದು ಗೊತ್ತಾಯಿತು ಅಂದುಕೊಳ್ಳಿ. ಆಗ ತಯಾರಕರು ಅದನ್ನು ಬಳಸುವವರಿಗೆ ಕಳಿಸುವ ಎಚ್ಚರಿಕೆ ಪತ್ರವೇ ಫೀಲ್ಡ್ ಸೇಫ್ಟಿ ನೋಟಿಸ್. ಯುರೋಪಿನ ನಿಯಮಗಳಲ್ಲಿ ಈ ಹೆಸರಿದೆ. ಅಮೆರಿಕದಲ್ಲಿ ದೋಷ ಸರಿಪಡಿಸುವ ಇಂಥ ಕ್ರಮಗಳನ್ನು ‘ರೀಕಾಲ್’ ಎನ್ನುತ್ತಾರೆ.

ರೀಕಾಲ್ ಅಂದ ತಕ್ಷಣ ಉಪಕರಣ ವಾಪಸ್ ಕೊಡಬೇಕು ಅಂತ ಜಾಸ್ತಿ ಜನ ಗಾಬರಿಯಾಗುತ್ತಾರೆ. ಎಲ್ಲ ಸಲವೂ ಹಾಗಿಲ್ಲ. ಕೆಲವೊಮ್ಮೆ ಒಂದು ಭಾಗ ಬದಲಿಸಿದರೆ ಸಾಕು. ಕೆಲವೊಮ್ಮೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಆಯಿತು. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಸಂಸ್ಥೆ ಎಫ್‌ಡಿಎ ರೀಕಾಲ್‌ಗಳನ್ನು ಮೂರು ಕ್ಲಾಸ್ ಮಾಡುತ್ತದೆ. ಕ್ಲಾಸ್ 1 ಎಲ್ಲಕ್ಕಿಂತ ಗಂಭೀರ. ಜೀವಕ್ಕೇ ಅಪಾಯ ಆಗಬಹುದು ಎಂದು ಅದರ ಅರ್ಥ. ಕ್ಲಾಸ್ 3ರಲ್ಲಿ ಆರೋಗ್ಯಕ್ಕೆ ತೊಂದರೆಯಾಗುವ ಸಾಧ್ಯತೆ ಕಡಿಮೆ.

ಸಣ್ಣ ಭಾಗಕ್ಕೆ ಇಷ್ಟು ಗಲಾಟೆ ಯಾಕೆ ಅನ್ನಿಸಬಹುದು. 2025ರಲ್ಲಿ ಡೆಕ್ಸ್‌ಕಾಮ್ ಕಂಪನಿಯ ಗ್ಲುಕೋಸ್ ಮಾನಿಟರ್‌ನ ಕೆಲವು ರಿಸೀವರ್‌ಗಳ (ಮೈಮೇಲಿನ ಸೆನ್ಸರ್ ಕಳಿಸುವ ಸಕ್ಕರೆ ಅಂಕಿ ತೋರಿಸಿ ಅಲಾರಂ ಕೊಡುವ ಸಾಧನ) ರೀಕಾಲ್ ನೋಡಿ. ಒಳಗಿನ ಫೋಮ್ ಅಥವಾ ಜೋಡಣೆಯಲ್ಲಿನ ದೋಷದಿಂದ ಸ್ಪೀಕರ್‌ಗೂ ಸರ್ಕ್ಯೂಟ್ ಬೋರ್ಡ್‌ಗೂ ಸಂಪರ್ಕ ತಪ್ಪುತ್ತಿತ್ತು. ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದರೂ ಅಲಾರಂ ಸದ್ದು ಮಾಡದೇ ಇರಬಹುದಿತ್ತು. ಎಫ್‌ಡಿಎ ಇದನ್ನು ಕ್ಲಾಸ್ 1ಕ್ಕೆ ಸೇರಿಸಿತು. ನಿದ್ದೆಯಲ್ಲಿರುವ ಮಧುಮೇಹಿಗೆ ಆ ಸದ್ದೇ ಆಸರೆ, ಅಲ್ವಾ?

ನನಗಂತೂ ಪೂರ್ತಿ ಕೆಟ್ಟು ನಿಂತ ಉಪಕರಣಕ್ಕಿಂತ ಅರ್ಧ ಕೆಟ್ಟು ಓಡುವ ಉಪಕರಣದ ಭಯವೇ ಹೆಚ್ಚು. ಪರದೆ ಕಪ್ಪಾದರೆ ನಾವು ಬೇರೆ ದಾರಿ ಹುಡುಕುತ್ತೇವೆ. ತಪ್ಪು ಅಂಕಿ ಬಂದರೆ ನಂಬಿಬಿಡುತ್ತೇವೆ. ಪಲ್ಸ್ ಆಕ್ಸಿಮೀಟರ್ ಕೆಂಪು ಮತ್ತು ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ಎರಡರ ಏರಿಳಿತವನ್ನು ಹೋಲಿಸಿ ರಕ್ತದ ಆಕ್ಸಿಜನ್ ಶೇಕಡಾ ಎಷ್ಟು ಎಂದು ಲೆಕ್ಕ ಹಾಕುತ್ತದೆ. ಎರಡೂ ಒಂದೇ ಸಮ ಕಂಡರೆ ಅಂಕಿ ಸುಮಾರು 85ಕ್ಕೆ ಬಂದು ನಿಲ್ಲುತ್ತದೆ. ಸಿಗ್ನಲ್ ಕೆಟ್ಟಾಗಲೂ ಹೀಗಾಗಬಹುದು. ರೋಗಿಯ ಆಕ್ಸಿಜನ್ ನಿಜಕ್ಕೂ 97 ಇರಬಹುದು, ಇಲ್ಲವೇ 70 ಇರಬಹುದು.

ನೋಟಿಸ್ ಬಂದಾಗ ಮೊದಲು ನೋಡಬೇಕಾದದ್ದು ಮಾಡೆಲ್ ಹೆಸರು, ಆಮೇಲೆ ಲಾಟ್ ನಂಬರ್ ಅಥವಾ ಸೀರಿಯಲ್ ನಂಬರ್. ಒಟ್ಟಿಗೆ ತಯಾರಾದ ಒಂದು ಕಂತಿನ ಗುರುತು ಲಾಟ್ ನಂಬರ್. ದೋಷ ಎಷ್ಟೋ ಸಲ ಒಂದೆರಡು ಕಂತಿನಲ್ಲಷ್ಟೇ ಇರುತ್ತದೆ. ಹಾಗಾಗಿ ಪಕ್ಕದವರ ಉಪಕರಣ ಪಟ್ಟಿಯಲ್ಲಿದ್ದು ನಿಮ್ಮದು ಇಲ್ಲದಿರಬಹುದು. ಸೆನ್ಸರ್, ಕೇಬಲ್, ಬಿಪಿ ನೋಡಲು ತೋಳಿಗೆ ಸುತ್ತುವ ಕಫ್ ಬೇರೆಯಾಗಿ ಕೊಂಡಿದ್ದರೆ ಅವುಗಳ ನಂಬರ್ ಅವುಗಳ ಪೊಟ್ಟಣದ ಮೇಲೇ ಇರುತ್ತದೆ. ಆದ್ದರಿಂದ ಪೊಟ್ಟಣವನ್ನು ಸುಮ್ನೆ ಬಿಸಾಡಬೇಡಿ.

ಪಟ್ಟಿಯಲ್ಲಿ ನಿಮ್ಮ ನಂಬರ್ ಇದ್ದರೆ ನೋಟಿಸ್ ಹೇಳಿದಷ್ಟನ್ನು ಮಾಡಿ. ಹೆದರಿ ತಪಾಸಣೆಯನ್ನೇ ನಿಲ್ಲಿಸಬೇಡಿ. ಸಕ್ಕರೆ ಸೆನ್ಸರ್ ಮೇಲೆ ಅನುಮಾನ ಬಂದರೆ ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರ್‌ನಂಥ ಇನ್ನೊಂದು ವಿಧಾನದಿಂದ ತಾಳೆ ನೋಡಿ. ಅಂಕಿ ಒಂದು ಹೇಳಿ ಮೈ ಇನ್ನೊಂದು ಹೇಳುತ್ತಿದ್ದರೆ ಅಂಕಿಯನ್ನಷ್ಟೇ ನಂಬಿ ಕೂರದೆ ಡಾಕ್ಟರನ್ನು ಕೇಳಿ.

ಇಂಥ ನೋಟಿಸ್‌ಗಳು ಎಷ್ಟೋ ಸಲ ಬಳಸುವವರ ದೂರಿನಿಂದಲೇ ಹುಟ್ಟುತ್ತವೆ. ನೋಟಿಸ್ ಬರದಿದ್ದರೂ ನಿಮ್ಮ ಉಪಕರಣ ವಿಚಿತ್ರವಾಗಿ ವರ್ತಿಸಿದರೆ ಆ ಭಾಗವನ್ನು ಎಸೆಯದೆ ಎತ್ತಿಡಿ. ದಿನಾಂಕ, ಲಾಟ್ ನಂಬರ್, ಆದದ್ದೇನು ಎಂದು ಬರೆದು ತಯಾರಕರಿಗೂ ನಿಯಂತ್ರಣ ಸಂಸ್ಥೆಗೂ ತಿಳಿಸಿ.