ಗೆರೆ ಮೂಡಿದರೆ ಪಾಸು

ನನ್ನ ಅಕ್ಕನ ಮಗ ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಗೆ ಲೋಡರ್ ಓಡಿಸುವ ಕೆಲಸ ಕೇಳಿಕೊಂಡು ಹೋಗಿದ್ದ. ಲೈಸೆನ್ಸ್ ನೋಡಿದರು, ಕಣ್ಣು ನೋಡಿದರು, ಆಮೇಲೆ ಒಂದು ಡಬ್ಬಿ ಕೊಟ್ಟು ಮೂತ್ರ ತರಲು ಹೇಳಿದರು. ಗಾಂಜಾ ಸೇದಿದ್ದಾನಾ ಅಂತ ನೋಡುವ ಬೆರಳುದ್ದದ ಪಟ್ಟಿಯೊಂದನ್ನು ಅದರಲ್ಲಿ ಅದ್ದಿದರು. ಐದು ನಿಮಿಷ ಕಳೆದ ಮೇಲೆ ಗುತ್ತಿಗೆದಾರನ ಕಡೆಯವನು ಅದನ್ನು ಬೆಳಕಿಗೆ ಹಿಡಿದು, "ಲೈನ್ ಗಟ್ಟಿ ಮೂಡಿಲ್ಲ, ಡೌಟ್ ಅದ. ಫೋನ್ ಮಾಡ್ತೀವಿ, ಹೋಗು" ಅಂದ. ಫೋನ್ ಬರಲಿಲ್ಲ.

ಹುಡುಗ ಪಟ್ಟಿಯ ಫೋಟೊ ಹೊಡೆದು ನನಗೆ ಕಳಿಸಿದ್ದ. "ಮಾಮಾ, ನಾ ಬೀಡಿ ಸುದ್ದಾ ಸೇದಂಗಿಲ್ಲ, ನಿನಗ ಗೊತ್ತದ. ಮತ್ತ ಇದ್ಯಾಕ ಹಿಂಗ?" ನಾನು ಫೋಟೊ ಸರಿಯಾಗಿ ನೋಡಲೂ ಇಲ್ಲ. ಬೇರೆ ಕಡೆ ಕೆಲಸ ನೋಡು ಅಂದುಬಿಟ್ಟೆ.

ಈ ಪಟ್ಟಿಯ ಕೆಲಸ ಸ್ವಲ್ಪ ತಲೆಕೆಳಗು. ಅದರೊಳಗೆ ಬಣ್ಣ ಹಚ್ಚಿದ ಪ್ರತಿಕಾಯಗಳಿರುತ್ತವೆ, ಅಂದರೆ ಗಾಂಜಾದ ಅಂಶವನ್ನು ಹಿಡಿದುಕೊಳ್ಳುವ ಪ್ರೋಟೀನುಗಳು. ಅವನ್ನು ಬಸ್ಸು ಅಂದುಕೊಳ್ಳಿ. ಮೂತ್ರ ಮೇಲೇರಿದಂತೆ ಈ ಬಸ್ಸುಗಳೂ ಮೇಲೇರುತ್ತವೆ. ಗೆರೆ ಮೂಡಬೇಕಾದ ಜಾಗದಲ್ಲಿ ಗಾಂಜಾದ ಅಂಶವನ್ನು ಮೊದಲೇ ಅಂಟಿಸಿರುತ್ತಾರೆ. ಅದು ಸ್ಟಾಪ್‌ನಲ್ಲಿ ಕಾಯುವ ಪ್ರಯಾಣಿಕ. ಸೀಟು ಖಾಲಿ ಇದ್ದರೆ ಬಸ್ಸು ನಿಲ್ಲುತ್ತದೆ, ನಿಂತ ಬಸ್ಸುಗಳ ಬಣ್ಣವೇ ಗೆರೆಯಾಗಿ ಕಾಣುತ್ತದೆ. ಮೂತ್ರದಲ್ಲೇ ಗಾಂಜಾದ ಅಂಶವಿದ್ದರೆ ಸೀಟೆಲ್ಲ ಮೊದಲೇ ಭರ್ತಿ. ಭರ್ತಿಯಾದ ಬಸ್ಸನ್ನು ನಮ್ಮ ಕಡೆ ಯಾವ ಡ್ರೈವರ್ ನಿಲ್ಲಿಸುತ್ತಾನೆ? ಗೆರೆ ಮೂಡುವುದಿಲ್ಲ. ಅಂದರೆ ಇಲ್ಲಿ ಗೆರೆ ಮೂಡಿದರೆ ಪಾಸು, ಮೂಡದಿದ್ದರೆ ಅನುಮಾನ. ಗರ್ಭಿಣಿ ಪರೀಕ್ಷೆಯ ಪಟ್ಟಿಗೆ ಪೂರ್ತಿ ಉಲ್ಟಾ. ಗೆರೆ ತಿಳಿಯಾಗಿದ್ದರೂ ಅದು ಗೆರೆಯೇ.

ಗೆರೆ ಮೂಡದಿದ್ದರೂ ಅದು ಕೊನೆಯ ಮಾತಲ್ಲ. ಗ್ಯಾಸ್ಟ್ರಿಕ್ ಅಂತ ಮನೆಮನೆಯಲ್ಲೂ ನುಂಗುವ ಪ್ಯಾಂಟೊಪ್ರಜೋಲ್ ಮಾತ್ರೆಯಿಂದಲೂ ಪಟ್ಟಿ ಮೋಸ ಹೋಗಬಹುದು. ಹಾಗಾಗಿ ಲ್ಯಾಬಿನಲ್ಲಿ ದೊಡ್ಡ ಯಂತ್ರದಿಂದ ಇನ್ನೊಮ್ಮೆ ನೋಡಿಯೇ ತೀರ್ಮಾನಿಸಬೇಕು.

ಸರಿ, ಪಟ್ಟಿ ನಿಜವನ್ನೇ ಹೇಳಿತು ಅಂತಿಟ್ಟುಕೊಳ್ಳೋಣ. ಏನು ಹೇಳಿದಂತಾಯಿತು? ಗಾಂಜಾದಲ್ಲಿ ಅಮಲು ತರುವುದು ಟಿಎಚ್‌ಸಿ. ಇಸ್ರೇಲಿನ ರಫೇಲ್ ಮೆಶೂಲಂ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. (ಮುಂದೆ 1992ರಲ್ಲಿ, ನಮ್ಮ ಮೆದುಳು ತಾನೇ ತಯಾರಿಸುವ ಇಂಥದ್ದೇ ವಸ್ತು ಸಿಕ್ಕಾಗ ಮೆಶೂಲಂ ತಂಡ ಅದಕ್ಕೆ 'ಆನಂದಮೈಡ್' ಅಂತ ಹೆಸರಿಟ್ಟಿತು. ಹೌದು, ನಮ್ಮ 'ಆನಂದ'ವೇ.) ಮೂತ್ರದ ಪಟ್ಟಿ ಹುಡುಕುವುದು ಈ ಟಿಎಚ್‌ಸಿಯನ್ನಲ್ಲ. ಲಿವರ್ ಅದನ್ನು ಒಡೆದ ಮೇಲೆ ಉಳಿಯುವ, ಅಮಲೇ ಇಲ್ಲದ ಚರಟವನ್ನು.

ಹೆಂಡಕ್ಕೂ ಗಾಂಜಾಕ್ಕೂ ಇರುವ ವ್ಯತ್ಯಾಸವೇ ಇದು. ಹೆಂಡ ನೀರಲ್ಲಿ ಬೆಲ್ಲ ಕರಗಿದಂತೆ ಮೈಯೆಲ್ಲ ಹರಡಿ ಗಂಟೆಗಂಟೆಗೂ ಇಳಿಯುತ್ತದೆ. ಅದಕ್ಕೇ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಗಾಡಿ ಓಡಿಸಬಾರದು ಅನ್ನುವ ಲೆಕ್ಕಕ್ಕೆ ಅರ್ಥವಿದೆ. ಟಿಎಚ್‌ಸಿ ಹಾಗಲ್ಲ. ಅದು ಅಂಗಿಗೆ ಬಿದ್ದ ಕುಸುಬಿ ಎಣ್ಣೆ. ಮೈಯ ಕೊಬ್ಬಿಗೆ ಹತ್ತಿಕೊಂಡು ನಿಧಾನಕ್ಕೆ ಜಿನುಗುತ್ತದೆ. ಸೇದಿದವನ ಅಮಲು ಕೆಲವೇ ಗಂಟೆಗಳಲ್ಲಿ ಇಳಿದರೂ, ಯಾವಾಗಲೋ ಒಮ್ಮೆ ಸೇದಿದವನ ಮೂತ್ರದಲ್ಲಿ ಮೂರ್ನಾಲ್ಕು ದಿನ, ದಿನಾ ಸೇದುವವನಲ್ಲಿ ತಿಂಗಳವರೆಗೂ ಚರಟ ಸಿಗಬಹುದು. ಕಲೆ ನೋಡಿ ಎಣ್ಣೆ ಬಿದ್ದಿತ್ತು ಅನ್ನಬಹುದು. ಯಾವಾಗ ಬಿತ್ತು ಅಂತ ಹೇಳಲಾಗದು.

ನಮ್ಮ ಕಾನೂನು ಇನ್ನೊಂದು ಗಂಟು ಹಾಕಿದೆ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂಬಿಟ್ಟ ತುದಿ. ಬರೀ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಹುಡುಗರು 'ಸೊಪ್ಪು' ಅನ್ನುವುದು ನಿಜಕ್ಕೂ ಹೂವು. ಕಾಯ್ದೆ ಬಿಟ್ಟಿರುವುದೇ ಸೊಪ್ಪನ್ನು! ಅದಕ್ಕೇ ಬನಾರಸಿನಲ್ಲಿ, ಎಲೆ ಅರೆದು ಮಾಡುವ ಭಂಗಿಗೆ ಲೈಸೆನ್ಸ್ ಇರುವ ಅಂಗಡಿಗಳಿವೆ. ಹೋಳಿ ಹಬ್ಬಕ್ಕೆ ಆ ಕಡೆಯ ಊರಿಗೆ ಹೋಗಿ ಭಂಗಿ ಕುಡಿದು ಬಂದ ಕೂಲಿಕಾರ ನಮ್ಮ ಕಾರ್ಖಾನೆಯ ಗೇಟಿನಲ್ಲಿ ನಿಂತರೆ, ಅದು ಎಲೆಯದೋ ಹೂವಿನದೋ ಪಟ್ಟಿಗೆ ಗೊತ್ತಾಗುವುದಿಲ್ಲ. ನಮ್ಮ ಕಡೆಯೂ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುವ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದಿದ್ದವು.

ಗಾಂಜಾ ನಿರಪಾಯ ಅಂತ ನಾನು ಹೇಳುತ್ತಿಲ್ಲ. ಹದಿಹರೆಯದಲ್ಲಿ ಹೆಚ್ಚು ಸೇದಿದರೆ ಕೆಲವರಲ್ಲಿ ಮನೋರೋಗದ ಅಪಾಯ ಏರುತ್ತದೆ. ಅಮಲಿನಲ್ಲಿರುವವನ ಕೈಗೆ ಲೋಡರ್ ಕೊಡಲೇಬಾರದು. ಆದರೆ ಸುರಕ್ಷತೆ ಬೇಕಿದ್ದರೆ ಅಮಲನ್ನು ಅಳೆಯಬೇಕು, ಹಳೇ ಕಲೆಯನ್ನಲ್ಲ. ಕ್ಯಾಲಿಫೋರ್ನಿಯಾ 2024ರ ಜನವರಿಯಿಂದ ಇದನ್ನೇ ಕಾನೂನು ಮಾಡಿತು. ಬರೀ ಚರಟ ಸಿಕ್ಕಿತು ಅಂತ ಕೆಲಸ ಕೊಡದಿರುವಂತಿಲ್ಲ. ಕಟ್ಟಡ ಕೆಲಸದಂಥ ಕೆಲವಕ್ಕೆ ಮಾತ್ರ ವಿನಾಯಿತಿ.

ಕಲೆ ಹುಡುಕುವುದೇ ಆದರೂ ಒಂದು ಕ್ರಮ ಬೇಡವಾ? ನಮ್ಮಲ್ಲೇ 2022ರಿಂದ ಪೈಲಟ್‌ಗಳಿಗೆ ಇಂಥ ಪರೀಕ್ಷೆ ಇದೆ. ಮೊದಲ ಪರೀಕ್ಷೆಯಲ್ಲಿ ಅನುಮಾನ ಬಂದರೆ ಕೆಲಸದಿಂದ ಬದಿಗಿಟ್ಟು, ಎರಡನೇ ಪರೀಕ್ಷೆಯ ವರದಿಗೆ ಕಾಯುತ್ತಾರೆ. ವಿಮಾನ ಹಾರಿಸುವ ಪೈಲಟ್‌ಗೆ ಈ ನಿಯಮ. ಲೋಡರ್ ಹುಡುಗನಿಗೆ "ಫೋನ್ ಮಾಡ್ತೀವಿ, ಹೋಗು".

ಇದನ್ನು ಬರೆಯುವ ಮೊದಲು ಹಳೇ ಮೆಸೇಜ್‌ಗಳಲ್ಲಿ ಆ ಫೋಟೊ ಹುಡುಕಿ, ದೊಡ್ಡದು ಮಾಡಿ ನೋಡಿದೆ. ತಿಳಿಗೆಂಪು ಬಣ್ಣ, ಕೂದಲೆಳೆಯಷ್ಟು ದಪ್ಪ. ಗೆರೆ ಇತ್ತು.