ಎರಡು ವರ್ಷಕ್ಕೆ 140 ದಿನ: ಟೆಕ್ಸಸ್ ಶಾಸನಸಭೆ ಯಾವುದಕ್ಕೆ ಸಮಯ ಕೊಡುತ್ತದೆ?

2023ರ ಜೂನ್. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಮೈ ಸುಡುವ ಬಿಸಿಲು. ಅದೇ ತಿಂಗಳು ರಾಜ್ಯದ ಚುನಾಯಿತ ಮುಖ್ಯಸ್ಥ, ಗವರ್ನರ್ ಗ್ರೆಗ್ ಆಬಟ್, ಎಚ್‌ಬಿ 2127 ಎಂಬ ಮಸೂದೆಗೆ ಸಹಿ ಹಾಕಿದರು. ಆಸ್ಟಿನ್ ನಗರ 2010ರಲ್ಲಿ, ಡಲ್ಲಾಸ್ ನಗರ 2015ರಲ್ಲಿ ಕಟ್ಟಡ ಕೆಲಸಗಾರರಿಗಾಗಿ ಒಂದು ನಿಯಮ ಮಾಡಿದ್ದವು. ನಾಲ್ಕು ಗಂಟೆ ದುಡಿದರೆ ಹತ್ತು ನಿಮಿಷ ಬಿಡುವು. ನೀರು ಕುಡಿಯಬೇಕು, ನೆರಳಲ್ಲಿ ಕೂರಬೇಕು, ಅಷ್ಟೇ. ಹೊಸ ಕಾನೂನು ಇಂಥ ಊರಿನ ನಿಯಮಗಳನ್ನೇ ಅಳಿಸಲು ಹೊರಟಿತು. ಊರಿಗೊಂದು ನಿಯಮ ಇದ್ದರೆ ವ್ಯಾಪಾರ ಮಾಡುವವರಿಗೆ ಕಷ್ಟ ಎಂಬುದು ಮಸೂದೆ ತಂದವರ ವಾದ. ಸರಿ, ಹಾಗಿದ್ದರೆ ಆ ಹತ್ತು ನಿಮಿಷವನ್ನು ಇಡೀ ರಾಜ್ಯಕ್ಕೇ ಕೊಡಬಹುದಿತ್ತು ಅಲ್ವಾ? ಕೊಡಲಿಲ್ಲ.

ಇದು ಒಂದೇ ವರ್ಷದ ಕಥೆಯಲ್ಲ. ಟೆಕ್ಸಸ್ ಶಾಸನಸಭೆ ಸಾಮಾನ್ಯವಾಗಿ ಸೇರುವುದೇ ಎರಡು ವರ್ಷಕ್ಕೊಮ್ಮೆ, ಬರೀ 140 ದಿನ. ಸರ್ಕಾರದ ಕೈ ಕಟ್ಟಬೇಕೆಂದು 1876ರಲ್ಲಿ ಜಾರಿಗೆ ತಂದ ಸಂವಿಧಾನವೇ ಅಲ್ಲಿ ಇಂದಿಗೂ ನಡೆಯುತ್ತಿದೆ. ಸದಸ್ಯರ ಸಂಬಳ ತಿಂಗಳಿಗೆ 600 ಡಾಲರ್. ಮೊದಲ 60 ದಿನ ಗವರ್ನರ್ 'ತುರ್ತು' ಎಂದ ವಿಷಯಗಳನ್ನು ಬಿಟ್ಟರೆ ಬೇರೆ ಮಸೂದೆ ಪಾಸು ಮಾಡುವುದೇ ಕಷ್ಟ. ಹಾಗಾಗಿ ತುರ್ತು ಪಟ್ಟಿಯಲ್ಲಿ ಏನಿದೆ ಅನ್ನುವುದು ಸುಮ್ನೆ ಶಿಷ್ಟಾಚಾರವಲ್ಲ.

2011ನ್ನೇ ನೋಡಿ. ಫೆಬ್ರವರಿಯಲ್ಲಿ ಚಳಿಗೆ ವಿದ್ಯುತ್ ಸ್ಥಾವರಗಳು ಕೈಕೊಟ್ಟು ಲಕ್ಷಾಂತರ ಮನೆಗಳಲ್ಲಿ ಕರೆಂಟ್ ಹೋಯಿತು. ಸಭೆ ಆಗ ನಡೆಯುತ್ತಲೇ ಇತ್ತು. ಆದರೆ ಅಂದಿನ ಗವರ್ನರ್ ರಿಕ್ ಪೆರಿ ಅವರ ತುರ್ತು ಪಟ್ಟಿಯಲ್ಲಿದ್ದದ್ದು ಮತ ಹಾಕಲು ಗುರುತಿನ ಚೀಟಿ, ಗರ್ಭಪಾತಕ್ಕೆ ಮುಂಚೆ ಕಡ್ಡಾಯ ಸ್ಕ್ಯಾನಿಂಗ್‌ನಂಥ ವಿಷಯಗಳು. ಎರಡೂ ಕಾನೂನಾದವು. ಮತ ಹಾಕಲು ಬಂದೂಕಿನ ಲೈಸೆನ್ಸ್ ತೋರಿಸಿದರೆ ನಡೆಯುತ್ತದೆ, ಕಾಲೇಜಿನ ಐಡಿ ಕಾರ್ಡ್ ನಡೆಯುವುದಿಲ್ಲ. ಯಂತ್ರಗಳಿಗೆ ಚಳಿಯಿಂದ ರಕ್ಷಣೆ ಮಾಡಿ ಎಂದು ಕೇಂದ್ರದ ಸಂಸ್ಥೆಗಳು ಅದೇ ವರ್ಷ ಹೇಳಿದವು. ರಾಜ್ಯ ಅದನ್ನು ಕಡ್ಡಾಯ ಮಾಡಲಿಲ್ಲ.

ಹತ್ತು ವರ್ಷಕ್ಕೆ, 2021ರ ಫೆಬ್ರವರಿಯಲ್ಲಿ, ಮತ್ತೆ ಅದೇ ಚಳಿ ಬಂತು. 45 ಲಕ್ಷಕ್ಕೂ ಜಾಸ್ತಿ ಮನೆಗಳು ಕತ್ತಲಾದವು. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ಅನೇಕರು ತಮ್ಮ ಮನೆಯೊಳಗೇ ಚಳಿಗೆ ಹೆಪ್ಪುಗಟ್ಟಿ ಹೋದರು. ಈ ಸಲ ಕಡ್ಡಾಯದ ಕಾನೂನು ಬಂತು, ಅದನ್ನು ಒಪ್ಪಬೇಕು. ಆದರೆ ಆ ಅಧಿವೇಶನ ನೆನಪಿನಲ್ಲಿ ಉಳಿದದ್ದು ಬೇರೆಯದಕ್ಕೆ. ಗರ್ಭಕ್ಕೆ ಸುಮಾರು ಆರು ವಾರವಾದ ಮೇಲೆ ಮಾಡಿಸುವ ಗರ್ಭಪಾತಕ್ಕೆ ನೆರವಾದವರ ಮೇಲೆ ಯಾರು ಬೇಕಾದರೂ ಕೇಸ್ ಹಾಕಿ ಕನಿಷ್ಠ 10,000 ಡಾಲರ್ ಪಡೆಯಬಹುದು ಎಂಬ ಕಾನೂನು ಬಂತು. ಲೈಸೆನ್ಸ್ ಇಲ್ಲದೆ ಕೈಬಂದೂಕು ಇಟ್ಟುಕೊಂಡು ಓಡಾಡಬಹುದು ಎಂಬುದೂ ಬಂತು.

ಯಾಕೆ ಹೀಗೆ? ನನಗೆ ಕಾಣುವ ಕಾರಣ ಇದು. 1994ರ ನಂತರ ರಾಜ್ಯಮಟ್ಟದ ಯಾವ ಚುನಾವಣೆಯನ್ನೂ ಡೆಮಾಕ್ರಟರು ಗೆದ್ದಿಲ್ಲ, ಗೆಲ್ಲುವುದು ರಿಪಬ್ಲಿಕನ್ನರೇ. ಹೆಚ್ಚಿನ ಕಡೆ ನಿಜವಾದ ಸ್ಪರ್ಧೆ ನಡೆಯುವುದು ಪಕ್ಷದೊಳಗಿನ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಆರಿಸುವ ಮತದಾನದಲ್ಲಿ. ಅಲ್ಲಿ ಮತ ಹಾಕುವವರು ಕಡಿಮೆ, ಬಂದವರು ಕಟ್ಟಾ ನಿಲುವಿನವರು. ಬಿಸಿಲಿಗೆ ಬೀಳುವ ಕೂಲಿಯವನ ಮಾತು ಅಲ್ಲಿ ಕೇಳಿಸುವುದಿಲ್ಲ. 2017ರಲ್ಲಿ ಟ್ರಾನ್ಸ್‌ಜೆಂಡರ್ ಜನ ಯಾವ ಶೌಚಾಲಯಕ್ಕೆ ಹೋಗಬೇಕು ಎಂಬ ಮಸೂದೆ ಮೇಲ್ಮನೆಯಾದ ಸೆನೆಟ್‌ನಲ್ಲಿ ಪಾಸಾದಾಗ ಕೆಳಮನೆಯ ಸ್ಪೀಕರ್ ಜೋ ಸ್ಟ್ರಾಸ್ ತಡೆದರು. ಅವರೂ ರಿಪಬ್ಲಿಕನ್ನರೇ. ಮುಂದಿನ ಚುನಾವಣೆಗೆ ಅವರು ನಿಲ್ಲಲಿಲ್ಲ.

ಟೆಕ್ಸಸ್‌ನ ಉವಾಲ್ಡಿ ಎಂಬ ಊರಿನ ಶಾಲೆಯಲ್ಲಿ 2022ರ ಮೇನಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಗುಂಡಿಗೆ ಬಲಿಯಾದರು. ಹಂತಕನಿಗೆ 18 ವರ್ಷ. ಅವನು ಬಳಸಿದಂಥ ಬಂದೂಕು ಕೊಳ್ಳಲು 21 ಆಗಿರಬೇಕು ಎಂಬ ಮಸೂದೆಗಾಗಿ ಆ ಮಕ್ಕಳ ಅಪ್ಪ ಅಮ್ಮಂದಿರು 2023ರಲ್ಲಿ ಸಭೆಯ ಬಾಗಿಲಿಗೆ ಮತ್ತೆ ಮತ್ತೆ ಬಂದರು. ಮಸೂದೆ ಸಮಿತಿ ದಾಟಿತು. ಗಡುವು ಮುಗಿಯಿತು, ಅಲ್ಲಿಗೇ ಸತ್ತಿತು.

2025ರಲ್ಲಿ ಪ್ರತಿ ಸರ್ಕಾರಿ ಶಾಲೆಯ ತರಗತಿಯಲ್ಲೂ ಬೈಬಲ್ಲಿನ ಹತ್ತು ಆಜ್ಞೆಗಳ ಪೋಸ್ಟರ್ ಹಾಕಬೇಕೆಂದು ಕಾನೂನಾಯಿತು. ಡಲ್ಲಾಸ್, ಆಸ್ಟಿನ್ ಸುತ್ತ ಸಾಕಷ್ಟು ಕನ್ನಡದ ಮನೆಗಳಿವೆ. ಅವರ ಮಕ್ಕಳು ಓದುವುದೂ ಇದೇ ಶಾಲೆಗಳಲ್ಲಿ. ಕೋರ್ಟಿಗೆ ಹೋದವರಲ್ಲಿ ಕ್ರೈಸ್ತ, ಯಹೂದಿ ಕುಟುಂಬಗಳ ಜೊತೆ ಹಿಂದೂಗಳೂ ಇದ್ದರು. ಆಗಸ್ಟ್‌ನಲ್ಲಿ ನ್ಯಾಯಾಧೀಶರೊಬ್ಬರು ಕೆಲವು ಶಾಲಾ ಜಿಲ್ಲೆಗಳಲ್ಲಿ ಅದಕ್ಕೆ ತಾತ್ಕಾಲಿಕ ತಡೆ ಕೊಟ್ಟರು. ಕೇಸ್ ಮೇಲಿನ ಕೋರ್ಟಿಗೆ ಹೋಯಿತು.

ಅದೇ ಅಧಿವೇಶನದಲ್ಲಿ ವಿಪತ್ತಿನ ಎಚ್ಚರಿಕೆ ವ್ಯವಸ್ಥೆ ಸುಧಾರಿಸಲು ಎಚ್‌ಬಿ 13 ಎಂಬ ಮಸೂದೆಯೂ ಬಂದಿತ್ತು. ಕೆಳಮನೆ ಪಾಸು ಮಾಡಿತು, ಸೆನೆಟ್ ಮಾಡಲಿಲ್ಲ. ಜುಲೈ 4ರ ನಸುಕಿನಲ್ಲಿ ಗ್ವಾಡಲೂಪ್ ನದಿ ಉಕ್ಕಿತು. ಆ ದಿನಗಳ ಪ್ರವಾಹಕ್ಕೆ 130ಕ್ಕೂ ಹೆಚ್ಚು ಜನ ಬಲಿಯಾದರು. ಬೇಸಿಗೆ ಶಿಬಿರಕ್ಕೆ ಬಂದಿದ್ದ ಪುಟ್ಟ ಹುಡುಗಿಯರೂ ಅವರಲ್ಲಿದ್ದರು. ಆ ಮಸೂದೆ ಪಾಸಾಗಿದ್ದರೂ ಜುಲೈ ಹೊತ್ತಿಗೆ ಸೈರನ್ ಬಂದಿರುತ್ತಿರಲಿಲ್ಲ, ಅದು ನಿಜ. ಆದರೆ ಪ್ರವಾಹಕ್ಕೆ ಸಿಕ್ಕ ಕೆರ್ ಕೌಂಟಿಯ (ಜಿಲ್ಲೆಯ) ಪ್ರತಿನಿಧಿ ವೆಸ್ ವರ್ಡೆಲ್ ಅದರ ವಿರುದ್ಧ ಮತ ಹಾಕಿದ್ದರು. ಈಗಾದರೆ ಬಹುಶಃ ಬೇರೆ ಥರ ಮತ ಹಾಕುತ್ತಿದ್ದೆ ಎಂದು ಪ್ರವಾಹದ ನಂತರ ಅವರೇ ಹೇಳಿದರು.