ಅಧಿಕಾರವೂ ಒಂದು ಠೇವಣಿ, ಆದರೆ ಸಾಲ ಯಾರಿಗೆ?

"ಗೌಡ್ರ ಕೈ ಮ್ಯಾಲಾದ್ರ ನಮ್ಮ ಕೈ ಕೆಳಗಾಗ್ತೈತಲ್ರೀ ಸರ್. ಅಧಿಕಾರದಿಂದ ಎಲ್ಲಾರಿಗೂ ಲಾಭ ಅಂತ ಈ ಪಾರ್ಸನ್ಸ್ ಹೆಂಗ ಹೇಳ್ತಾರ್ರೀ?"

ಗದಗಿನಲ್ಲಿ ಬಿ.ಎ. ಮಕ್ಕಳಿಗೆ ಸಮಾಜಶಾಸ್ತ್ರ ಹೇಳುತ್ತೇನೆ. ಪ್ರಕಾರ್ಯವಾದದ ಪಾಠ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೀಗೆ ಕೇಳಿದಳು. ಪುಸ್ತಕ ಓದದೆಯೇ ಅವಳು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಪಕ್ಷ ಹಿಡಿದಿದ್ದಳು. ಬೇರೆಯವರು ಅಡ್ಡ ಬಂದರೂ ತನ್ನ ಇಚ್ಛೆ ನಡೆಸಿಕೊಳ್ಳುವ ಶಕ್ತಿಯೇ ಅಧಿಕಾರ ಎಂದರು ವೆಬರ್. ಹಾಗೆ ನೋಡಿದರೆ ಒಬ್ಬರಿಗೆ ಜಾಸ್ತಿಯಾದಷ್ಟು ಇನ್ನೊಬ್ಬರಿಗೆ ಕಡಿಮೆ. ಒಂದೇ ರೊಟ್ಟಿ ಹಂಚಿಕೊಂಡ ಹಾಗೆ.

ಅಮೆರಿಕದ ಪ್ರಕಾರ್ಯವಾದಿ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ ಇದನ್ನು ಒಪ್ಪಲಿಲ್ಲ. ಸಮಾಜದ ಪ್ರತಿಯೊಂದು ವ್ಯವಸ್ಥೆಯೂ ಒಟ್ಟು ಬದುಕಿಗೆ ಏನೋ ಒಂದು ಕೆಲಸ ಮಾಡಿಕೊಡುತ್ತದೆ ಅನ್ನುವುದು ಪ್ರಕಾರ್ಯವಾದದ ನೋಟ. ರಾಜಕೀಯದ ಕೆಲಸ ಏನು? ಎಲ್ಲರಿಗೂ ಬೇಕಾದ ಗುರಿಗೆ ಜನ, ಹಣ, ದುಡಿಮೆ ಒಟ್ಟುಗೂಡಿಸುವುದು. ಕೆರೆ ಹೂಳೆತ್ತಬೇಕು, ಯಾರೋ ಒಬ್ಬರ ಮಾತು ಊರು ಕೇಳಬೇಕು. ಕೇಳಿದರೆ ನೀರು ಎಲ್ಲರಿಗೂ. ಅಂದರೆ ರೊಟ್ಟಿಯೇ ದೊಡ್ಡದಾಯಿತು.

1963ರ ಲೇಖನದಲ್ಲಿ ಪಾರ್ಸನ್ಸ್ ಅಧಿಕಾರವನ್ನು ಹಣಕ್ಕೂ ಬ್ಯಾಂಕಿಗೂ ಹೋಲಿಸಿದರು. ಇದನ್ನು ತಿಳಿಸಲು ನಾನು ಅಮೆರಿಕದ ಬ್ಯಾಂಕಿಗೆ ಹೋಗಲಿಲ್ಲ, ಪಕ್ಕದ ಕಣಗಿನಹಾಳಕ್ಕೆ ಹೋದೆ. 1904ರ ಸಹಕಾರ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಅಂಥ ಸೊಸೈಟಿಯಲ್ಲಿ ಹತ್ತಾರು ಜನ ಕೂಡಿಸಿದ ಸಣ್ಣ ಹಣ ಬಿತ್ತನೆ ಹೊತ್ತಿಗೆ ದೊಡ್ಡ ಸಾಲವಾಗಿ ಹೊರಗೆ ಹೋಗುತ್ತದೆ. ಒಬ್ಬೊಬ್ಬರ ಮನೆಯ ಡಬ್ಬಿಯಲ್ಲೇ ಇದ್ದಿದ್ದರೆ ಅದರಿಂದ ಎತ್ತು ಬರುತ್ತಿರಲಿಲ್ಲ. ಓಟೂ ಹಾಗೆಯೇ, ನಾವು ಇಡುವ ಠೇವಣಿ. ಗೆದ್ದವರು ಅದನ್ನು ದುಡಿಸುತ್ತಾರೆ. ಸರಿಯಾಗಿ ದುಡಿಸದಿದ್ದರೆ ಮುಂದಿನ ಚುನಾವಣೆಯಲ್ಲಿ ನಮ್ಮ ಠೇವಣಿ ನಾವು ವಾಪಸ್ ತೆಗೆಯುತ್ತೇವೆ.

ಈ ಹೋಲಿಕೆಯಲ್ಲಿ ನನಗೆ ತುಂಬ ಇಷ್ಟವಾಗುವ ಮಾತು ಬಲಪ್ರಯೋಗದ್ದು. ಒಂದು ಕಾಲಕ್ಕೆ ನೋಟಿನ ಹಿಂದೆ ಚಿನ್ನ ಇರುತ್ತಿದ್ದ ಹಾಗೆ ಅಧಿಕಾರದ ಹಿಂದೆ ಲಾಠಿ ಇರುತ್ತದೆ. ಆದರೆ ಪ್ರತಿಯೊಬ್ಬರೂ ನೋಟು ಕೊಟ್ಟು ಚಿನ್ನ ಕೇಳಿದ ದಿನ ಬ್ಯಾಂಕು ಮುಳುಗಿತು ಅಂತಲೇ ಲೆಕ್ಕ. ಓಣಿಯ ಗಟಾರ ತೋಡಿಸಲೂ ಪೊಲೀಸ್ ಬಂದೋಬಸ್ತ್ ಬೇಕಾಯಿತು ಅನ್ನಿ. ನೋಡುವವರಿಗೆ ಅದು ಅಧಿಕಾರದ ದರ್ಪ. ಪಾರ್ಸನ್ಸ್ ಕಣ್ಣಿಗೆ ಅದು ಅಧಿಕಾರ ದಿವಾಳಿಯಾದ ಗುರುತು. ಮಾತಿಗೆ ಬೆಲೆ ಹೋದಾಗಲೇ ಲಾಠಿ ಹೊರಗೆ ಬರುವುದು, ಅಲ್ವಾ?

ಪ್ರಕಾರ್ಯವಾದಿಯೇ ಆದ ರಾಬರ್ಟ್ ಮರ್ಟನ್ ಇದಕ್ಕೂ ಮೊದಲೇ ಇನ್ನೊಂದು ಎಳೆ ಕೊಟ್ಟಿದ್ದರು. ಅಮೆರಿಕದ ಶಹರಗಳ ಪುಢಾರಿಗಳು ಭ್ರಷ್ಟರಾದರೂ ಯಾಕೆ ಉಳಿಯುತ್ತಾರೆ ಎಂದು ಕೇಳಿದರು. ಕಚೇರಿ ಕೊಡದ ಆಸರೆಯನ್ನು, ಮರ್ಯಾದೆ ಕಳೆಯದೆ, ಬಡವರಿಗೆ ಅವರು ಕೊಡುತ್ತಿದ್ದರು. ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಯಾವುದಾದರೂ ಕಾರ್ಪೊರೇಟರ್ ಮನೆ ಮುಂದೆ ಸುಮ್ನೆ ಹತ್ತು ನಿಮಿಷ ನಿಂತು ನೋಡಿ. ರೇಷನ್ ಕಾರ್ಡು, ಆಸ್ಪತ್ರೆಗೆ ಒಂದು ಫೋನು, ಪಿಂಚಣಿ ಅರ್ಜಿ. ಇದು ಯಾವ ಕಾನೂನಿನಲ್ಲೂ ಬರೆಯದ ಕೆಲಸ. ಹಾಗಂತ ಲಂಚ ಸರಿ ಎಂದು ಮರ್ಟನ್ ಹೇಳಲಿಲ್ಲ. ಆ ಕೆಲಸಕ್ಕೆ ಬೇರೆ ದಾರಿ ಮಾಡದೆ ಪುಢಾರಿಯನ್ನಷ್ಟೇ ತೆಗೆದರೆ ಇನ್ನೊಬ್ಬ ಹುಟ್ಟುತ್ತಾನೆ ಎಂದರು.

ಇಷ್ಟೆಲ್ಲ ಹೇಳಿ ಹುಡುಗಿಯ ಕಡೆ ನೋಡಿದೆ. "ಈಗ ತಿಳೀತೇನವಾ?"

"ತಿಳೀತ್ರೀ ಸರ್. ಆದ್ರ ನಮ್ಮ ಓಣ್ಯಾವ್ರೂ ಠೇವಣಿ ಇಟ್ಟಾರ್ರೀ. ಸಾಲ ಮಾತ್ರ ಅಗಸಿ ಕಡ್ಯಾವ್ರಿಗೇ ಹೋಗೈತಿ. ಅವರ ಓಣಿಗೆ ಸಿಮೆಂಟ್ ರಸ್ತೆ, ನಮಗ ಇನ್ನೂ ರಾಡಿ."

ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ. ಎಲ್ಲರ ಗುರಿ ಅನ್ನುವುದನ್ನು ಗೊತ್ತು ಮಾಡುವವರು ಯಾರು ಎಂಬಲ್ಲೇ ಪಾರ್ಸನ್ಸ್ ಲೆಕ್ಕ ಎಡವುತ್ತದೆ. ಅಮೆರಿಕದ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1956ರಲ್ಲೇ ಇದನ್ನು ಹಿಡಿದಿದ್ದರು. ದೊಡ್ಡ ಕಂಪನಿ, ಸೈನ್ಯ, ಸರ್ಕಾರ ಈ ಮೂರರ ತುದಿಯಲ್ಲಿ ಕೂತ ಕೆಲವೇ ಜನ ಅಮೆರಿಕದ ದೊಡ್ಡ ನಿರ್ಧಾರಗಳನ್ನು ಮಾಡುತ್ತಾರೆ ಎಂದು ಬರೆದರು. ಸಿಲೆಬಸ್‌ನಲ್ಲಿ ಮಿಲ್ಸ್ ಇನ್ನೂ ಎರಡು ವಾರ ಆಚೆಗಿದ್ದರು. ಮರುದಿನವೇ ತೆಗೆದುಕೊಂಡೆ.